ಡಯಟ್ ಕೈಕೊಟ್ಟ ಮೇಲೆ ಮಾತ್ರೆಯೋ, ಇಂಜೆಕ್ಷನ್ನೋ? ಆರ್ಲಿಸ್ಟ್ಯಾಟ್, ರೈಬೆಲ್ಸಸ್, ವೆಗೋವಿ, ಮೌಂಜಾರೊ: ಒಂದು ವಿಮರ್ಶೆ

"ಇಂಜೆಕ್ಷನ್ ಬೇಡ ಡಾಕ್ಟ್ರೇ, ಮಾತ್ರೆಯಲ್ಲೇ ಏನಾದರೂ ಇದ್ದರೆ ಬರೆದುಕೊಡಿ" ಎಂದು ಕೇಳುವವರೇ ಹೆಚ್ಚು. ಸೂಜಿ ಚುಚ್ಚಿಕೊಳ್ಳುವುದು ಕಷ್ಟ, ಮಾತ್ರೆ ನುಂಗುವುದು ಸುಲಭ ಎಂಬ ಲೆಕ್ಕಾಚಾರ ಅದು. ತೂಕ ಇಳಿಸುವ ಔಷಧಗಳ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿ ಮೇಲೆ ಸಿಗುವ ಎರಡು ಮುಖ್ಯ ಮಾತ್ರೆಗಳಲ್ಲಿ ಒಂದು (ಆರ್ಲಿಸ್ಟ್ಯಾಟ್) ಊಟದ ತಟ್ಟೆಯನ್ನು ಬದಲಿಸು ಎನ್ನುತ್ತದೆ, ಇನ್ನೊಂದು (ರೈಬೆಲ್ಸಸ್) ಬೆಳಗಿನ ಕಾಫಿಯ ಹೊತ್ತನ್ನು ಮುಂದೂಡು ಎನ್ನುತ್ತದೆ. ಇಂಜೆಕ್ಷನ್‌ಗೆ ಬೇಕಾದದ್ದು ವಾರಕ್ಕೆ ಐದು ನಿಮಿಷ, ಮನೆಯಲ್ಲೊಂದು ಫ್ರಿಜ್, ಜೇಬಿನಲ್ಲಿ ದುಡ್ಡು.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಹತ್ತು ಕೆ.ಜಿ.ಗಿಂತ ಹೆಚ್ಚು ಇಳಿಯಬೇಕಾದವರಿಗೆ, ತೂಕದಿಂದಾಗಿ ಶುಗರ್, ಬಿಪಿ, ಮಂಡಿನೋವು, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಶುರುವಾದವರಿಗೆ ಇಂಜೆಕ್ಷನ್ನೇ ಸರಿಯಾದ ಆಯ್ಕೆ. ಆದರೆ ಎರಡು ಮೂರು ವರ್ಷ ಅದರ ಖರ್ಚು ತಡೆದುಕೊಳ್ಳುವ ಶಕ್ತಿ ಇರಬೇಕು. ಮಾತ್ರೆಗೂ ಜಾಗವಿದೆ, ಅದು ಚಿಕ್ಕ ಜಾಗ ಅಷ್ಟೇ.

ಡಯಟ್ ಮಾಡಿ ಸೋತವರನ್ನು ಬಾಯಿಚಪಲದವರು ಎಂದು ಹೀಯಾಳಿಸುವುದು ನಮ್ಮಲ್ಲಿ ರೂಢಿ. ಅದು ಅನ್ಯಾಯ. ತೂಕ ಇಳಿಯತೊಡಗಿದ ಕೂಡಲೇ ದೇಹ ಅದನ್ನು ಬರಗಾಲವೆಂದು ಓದಿಕೊಳ್ಳುತ್ತದೆ: ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, ಹೊಟ್ಟೆ ತುಂಬಿತು ಎಂದು ಸುದ್ದಿ ಮುಟ್ಟಿಸುವ ಲೆಪ್ಟಿನ್ ಇಳಿಯುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಕ್ಯಾಲರಿಯೂ ಕಡಿಮೆಯಾಗುತ್ತದೆ. ಆರನೇ ತಿಂಗಳಿಗೆ ತೂಕ ಅಲುಗಾಡದೆ ನಿಲ್ಲುವುದು, ಆಮೇಲೆ ಹಿಂದಕ್ಕೆ ಬರುವುದು ಇದೇ ಕಾರಣಕ್ಕೆ. ಔಷಧ ಬೇಕಾಗುವುದು ಈ ಹಂತದಲ್ಲಿ.

ಆದರೆ ಔಷಧಕ್ಕೆ ಕೈಹಾಕುವ ಮುಂಚೆ ಎರಡು ಪರೀಕ್ಷೆ ಆಗಲೇಬೇಕು. ಒಂದು, ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿಗೆ), ಲಿವರ್ ಎನ್‌ಜೈಮ್‌ಗಳು. ಎರಡು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಸ್ಟೀರಾಯ್ಡ್, ಶುಗರ್‌ಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್, ಮನೋರೋಗಕ್ಕೆ ಕೊಡುವ ಓಲಾನ್ಜಪಿನ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ಇವೆಲ್ಲ ತೂಕ ಏರಿಸುವ ಔಷಧಗಳು. ಇವುಗಳಲ್ಲಿ ಒಂದನ್ನು ಡಾಕ್ಟರ್ ಬದಲಿಸಿಕೊಟ್ಟರೆ ಎಷ್ಟೋ ಜನರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸ್ವಂತ ತೀರ್ಮಾನದಿಂದ ಇವನ್ನು ನಿಲ್ಲಿಸುವುದು ಮಾತ್ರ ಬೇಡ.

ಯಾರಿಗೆ ಬರೆದುಕೊಡುತ್ತಾರೆ ಎಂಬ ಅಳತೆ ಬಿಎಂಐ. ಕೆ.ಜಿ. ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ. ತೂಕಕ್ಕೆಂದೇ ಅನುಮತಿ ಇರುವ ಔಷಧಗಳ ಲೇಬಲ್ ಹೇಳುವುದು 30 ಅಥವಾ ಅದಕ್ಕಿಂತ ಹೆಚ್ಚು. ತೂಕಕ್ಕೆ ಸಂಬಂಧಿಸಿದ ಕಾಯಿಲೆ ಜೊತೆಗಿದ್ದರೆ 27. ಎತ್ತರ 160 ಸೆಂ.ಮೀ. ಇದ್ದವರಿಗೆ 30 ಅಂದರೆ ಸುಮಾರು 77 ಕೆ.ಜಿ., 27 ಅಂದರೆ ಸುಮಾರು 69 ಕೆ.ಜಿ. ಭಾರತೀಯರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ನಮ್ಮ ತಜ್ಞರು 25ರಿಂದಲೇ ಬೊಜ್ಜು ಎಂದು ಲೆಕ್ಕ ಹಿಡಿಯುತ್ತಾರೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ. ಮದುವೆಗೆ ಮುಂಚೆ ನಾಲ್ಕು ಕೆ.ಜಿ. ಇಳಿಸಬೇಕು ಎನ್ನುವವರಿಗೆ ಈ ಬರಹದ ಯಾವ ಔಷಧವೂ ಅಲ್ಲ.

ಆರ್ಲಿಸ್ಟ್ಯಾಟ್: ಅನ್ನ ತಿನ್ನುವವರಿಗೆ ಹೊಂದದ ಕ್ಯಾಪ್ಸೂಲ್

ಹಳೆಯದು, ಒಬೆಲಿಟ್, ವೈಫ್ಯಾಟ್ ಮುಂತಾದ ಹೆಸರುಗಳಲ್ಲಿ ಸಿಗುವಂಥದ್ದು. 120 ಮಿ.ಗ್ರಾಂ. ಕ್ಯಾಪ್ಸೂಲ್, ದಿನಕ್ಕೆ ಮೂರು, ಊಟದ ಜೊತೆಗೆ ಅಥವಾ ಊಟವಾದ ಒಂದು ಗಂಟೆಯೊಳಗೆ. ಕರುಳಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಎನ್‌ಜೈಮನ್ನು ಇದು ತಡೆಯುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು 30% ಜೀರ್ಣವಾಗದೆ ಹೊರಗೆ ಹೋಗುತ್ತದೆ. ಹಸಿವಿನ ಮೇಲೆ ಇದರ ಪರಿಣಾಮ ಏನೂ ಇಲ್ಲ.

ತೊಡಕು ಇರುವುದು ಇಲ್ಲೇ. ದಿನಕ್ಕೆ 50 ಗ್ರಾಂ ಕೊಬ್ಬು ತಿನ್ನುವವರಲ್ಲಿ 15 ಗ್ರಾಂ ಹೊರಹೋಯಿತು ಅನ್ನಿ. ಗ್ರಾಂಗೆ 9 ಕ್ಯಾಲರಿಯಂತೆ 135 ಕ್ಯಾಲರಿ, ಹೆಚ್ಚುಕಡಿಮೆ ಒಂದು ಚಪಾತಿ. ಇಡ್ಲಿ-ಸಾಂಬಾರ್, ಅನ್ನ-ಸಾರು, ಮುದ್ದೆ-ಸೊಪ್ಪಿನ ಸಾರು ತಿನ್ನುವವರ ತೂಕ ಏರುವುದು ಬಹುಮಟ್ಟಿಗೆ ಪಿಷ್ಟದಿಂದ, ಸಕ್ಕರೆಯಿಂದ. ಆರ್ಲಿಸ್ಟ್ಯಾಟ್ ಅದನ್ನು ಮುಟ್ಟುವುದೇ ಇಲ್ಲ. ಮಧ್ಯಾಹ್ನ ಎರಡು ತಟ್ಟೆ ಅನ್ನ ಉಂಡು ಈ ಕ್ಯಾಪ್ಸೂಲ್ ನುಂಗಿದರೆ ಆಗುವ ಲಾಭ ಬಹಳ ಕಡಿಮೆ. ಎಣ್ಣೆ-ಜಿಡ್ಡು ಇಲ್ಲದ ಊಟಕ್ಕೆ ಆ ಹೊತ್ತಿನ ಕ್ಯಾಪ್ಸೂಲ್ ಬಿಟ್ಟುಬಿಡಬಹುದು ಎಂದು ಲೇಬಲ್ಲೇ ಹೇಳುತ್ತದೆ.

ಇನ್ನು ಕೊಬ್ಬು ಜಾಸ್ತಿ ತಿಂದರೆ? ಹೋಟೆಲ್‌ನ ಪೂರಿ-ಸಾಗು, ಬೆಣ್ಣೆದೋಸೆ, ಬಿರಿಯಾನಿಯ ಮೇಲೆ ನುಂಗಿದರೆ ಅದೇ ದಿನವೂ ಆಗಬಹುದು, ಮರುದಿನವೂ ಆಗಬಹುದು: ತಡೆಯಲಾಗದ ಅವಸರ, ಗಾಳಿಯ ಜೊತೆ ಎಣ್ಣೆ ಜಿನುಗುವುದು, ಒಳಬಟ್ಟೆಯ ಮೇಲೆ ಕಿತ್ತಳೆ ಬಣ್ಣದ ಜಿಡ್ಡಿನ ಕಲೆ. ಬಸ್‌ನಲ್ಲಿ ಓಡಾಡುವವರು, ಪಾಠ ಮಾಡುವ ಮೇಷ್ಟ್ರುಗಳು, ಅಂಗಡಿಯಲ್ಲಿ ನಿಲ್ಲುವವರು ಮೊದಲ ತಿಂಗಳಲ್ಲೇ ಬಿಟ್ಟುಬಿಡುವುದು ಇದಕ್ಕೇ. ಒಂದು ಊಟದಲ್ಲಿ 15 ಗ್ರಾಂ ದಾಟದಂತೆ, ಅಂದರೆ ಒಬ್ಬರ ಪಾಲಿಗೆ ಎಲ್ಲ ಸೇರಿ ಮೂರು ಟೀ ಚಮಚ ಎಣ್ಣೆಯೊಳಗೆ ಇಟ್ಟುಕೊಂಡರೆ ಈ ಕಾಟ ಬಹುತೇಕ ಇರುವುದಿಲ್ಲ. ತೆಂಗಿನಕಾಯಿ ಚಟ್ನಿ, ಶೇಂಗಾ ಪುಡಿಯ ಕೊಬ್ಬನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಯೇ ಹೊರಹೋಗುವುದರಿಂದ ರಾತ್ರಿ ಮಲಗುವಾಗ ಒಂದು ಮಲ್ಟಿವಿಟಮಿನ್ ಬೇಕು, ಕ್ಯಾಪ್ಸೂಲ್‌ಗೂ ಅದಕ್ಕೂ ಎರಡು ಗಂಟೆ ಅಂತರವಿರಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆದವರು, ಪಿತ್ತ ಹರಿವಿನ ತೊಂದರೆ ಇದ್ದವರು, ಗರ್ಭಿಣಿಯರು ದೂರವಿರಬೇಕು.

ಫಲ ಎಷ್ಟು? ಸ್ವೀಡನ್‌ನಲ್ಲಿ ನಡೆದ ನಾಲ್ಕು ವರ್ಷಗಳ ಝೆಂಡೋಸ್ ಅಧ್ಯಯನದಲ್ಲಿ ಆರ್ಲಿಸ್ಟ್ಯಾಟ್ ತೆಗೆದುಕೊಂಡವರಿಗೆ ಸರಾಸರಿ 5.8 ಕೆ.ಜಿ. ಇಳಿಯಿತು, ಬರೀ ಆಹಾರ-ವ್ಯಾಯಾಮದ ಗುಂಪಿಗೆ 3 ಕೆ.ಜಿ. ವ್ಯತ್ಯಾಸ ಮೂರು ಕೆ.ಜಿ.ಗಿಂತ ಕಡಿಮೆ. ಇಂಜೆಕ್ಷನ್ ಕೊಡಲಾಗದವರಿಗೆ, ನಿಜವಾಗಿಯೂ ಕರಿದದ್ದು, ಮಾಂಸ, ಬೆಣ್ಣೆ ಹೆಚ್ಚಾಗಿ ತಿನ್ನುವವರಿಗೆ ಮಾತ್ರ ಇದನ್ನು ಹೇಳಬಹುದು. ಮೂರು ತಿಂಗಳಲ್ಲಿ 5% ಇಳಿಯದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ರೈಬೆಲ್ಸಸ್: ಒಳ್ಳೆಯ ಔಷಧ, ಕಷ್ಟದ ಬೆಳಗು

ಇದು ಸೆಮಾಗ್ಲುಟೈಡ್ ಮಾತ್ರೆ. ವೆಗೋವಿ ಇಂಜೆಕ್ಷನ್‌ನಲ್ಲಿರುವ ಔಷಧವೇ. ನೋವೊ ನಾರ್ಡಿಸ್ಕ್ ಕಂಪನಿ 2022ರ ಜನವರಿಯಲ್ಲಿ ಭಾರತಕ್ಕೆ ತಂದಿತು. ನಮ್ಮಲ್ಲಿ ಇದಕ್ಕೆ ಅನುಮತಿ ಇರುವುದು ಟೈಪ್ 2 ಮಧುಮೇಹಕ್ಕೆ; ತೂಕಕ್ಕೆಂದು ಬರೆದರೆ ಅದು ಡಾಕ್ಟರ ಸ್ವಂತ ವಿವೇಚನೆ. ಮೊದಲ ತಿಂಗಳು 3, ಆಮೇಲೆ 7, ಬೇಕಾದರೆ 14 ಮಿ.ಗ್ರಾಂ.

ಸೆಮಾಗ್ಲುಟೈಡ್ ಒಂದು ಪೆಪ್ಟೈಡ್, ಅಂದರೆ ಪ್ರೋಟೀನ್ ಜಾತಿಯದು. ಹೊಟ್ಟೆಯ ಆಮ್ಲ ಅದನ್ನು ಜೀರ್ಣಿಸಿ ಮುಗಿಸುತ್ತದೆ. ಅದಕ್ಕೇ ಮಾತ್ರೆಯಲ್ಲಿ ಸ್ನ್ಯಾಕ್ ಎಂಬ ಸಹಾಯಕ ವಸ್ತು ಸೇರಿಸಿ, ಜಠರದ ಗೋಡೆಯ ಒಂದು ಚಿಕ್ಕ ಜಾಗದಲ್ಲಿ ಆಮ್ಲ ತಗ್ಗಿಸಿ ಒಳಸೇರಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲು ಮಾತ್ರ. ದಿನಕ್ಕೆ 14ರಂತೆ ವಾರಕ್ಕೆ 98 ಮಿ.ಗ್ರಾಂ. ನುಂಗಿದರೂ, ವಾರಕ್ಕೊಮ್ಮೆ ಚುಚ್ಚುವ 2.4 ಮಿ.ಗ್ರಾಂ.ನ ಮಟ್ಟ ಮುಟ್ಟುವುದಿಲ್ಲ.

ಆ ಒಂದು ಪಾಲೂ ದಕ್ಕಬೇಕಾದರೆ ನಿಯಮ ಕಟ್ಟುನಿಟ್ಟು. ಎದ್ದ ಕೂಡಲೇ ಬರೀ ಹೊಟ್ಟೆಯಲ್ಲಿ, 120 ಮಿ.ಲೀ. ಮೀರದ ನೀರಿನಲ್ಲಿ, ಅಂದರೆ ಅರ್ಧ ಲೋಟದಲ್ಲಿ, ಇಡಿಯಾಗಿ ನುಂಗಬೇಕು. ಅಗಿಯಬಾರದು, ಮುರಿಯಬಾರದು. ಆಮೇಲೆ ಕನಿಷ್ಠ 30 ನಿಮಿಷ ಕಾಫಿ, ಟೀ, ಬಿಸಿನೀರು-ನಿಂಬೆ, ಬೇರೆ ಮಾತ್ರೆ ಏನೂ ಇಲ್ಲ. ಒಂದು ಚೊಂಬು ನೀರು ಕುಡಿದು ದಿನ ಶುರುಮಾಡುವವರು, ಹಾಲು ಕಾಯಿಸುತ್ತಲೇ ಎರಡು ಗುಟುಕು ಡಿಕಾಕ್ಷನ್ ಬಾಯಿಗಿಡುವವರು ಔಷಧವನ್ನು ನೀರುಪಾಲು ಮಾಡಿದಂತೆಯೇ. ರೈಬೆಲ್ಸಸ್ ಕೆಲಸ ಮಾಡಲಿಲ್ಲ ಎಂದು ಬರುವ ದೂರುಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಡೋಸ್ ಎಷ್ಟು ಎಂದಲ್ಲ, ಕಾಫಿ ಎಷ್ಟು ಹೊತ್ತಿಗೆ ಎಂದು.

ಎರಡನೆಯ ತೊಡಕು ಥೈರಾಯ್ಡ್ ಮಾತ್ರೆ. ತೂಕದ ಸಮಸ್ಯೆ ಇರುವ ಹೆಂಗಸರಲ್ಲಿ ಎಷ್ಟೋ ಜನ ಬೆಳಿಗ್ಗೆ ಎದ್ದ ಕೂಡಲೇ ಥೈರಾಕ್ಸಿನ್ ನುಂಗುವವರು. ಎರಡೂ ಬರೀ ಹೊಟ್ಟೆಗೇ ಬೇಕು, ಒಟ್ಟಿಗೆ ನುಂಗುವಂತಿಲ್ಲ. ಒಂದು ದಾರಿ ಇದೆ: ಥೈರಾಕ್ಸಿನ್ನನ್ನು ರಾತ್ರಿಗೆ, ಊಟವಾಗಿ ಮೂರು ಗಂಟೆಯ ನಂತರಕ್ಕೆ ಸರಿಸುವುದು. ಆಗಲೂ ಸೆಮಾಗ್ಲುಟೈಡ್ ಮಾತ್ರೆ ರಕ್ತದಲ್ಲಿ ಥೈರಾಕ್ಸಿನ್ ಪ್ರಮಾಣ ಏರಿಸುವುದರಿಂದ ಎಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು.

14 ಮಿ.ಗ್ರಾಂ.ನಲ್ಲಿ ಇಳಿಯುವ ತೂಕ ಸಾಮಾನ್ಯವಾಗಿ ನಾಲ್ಕು ಕೆ.ಜಿ. ಆಸುಪಾಸು. ಶುಗರ್ ಇದ್ದು, ಅದರ ಜೊತೆಗೆ ಸ್ವಲ್ಪ ತೂಕವೂ ಇಳಿಯಲಿ ಎನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ಮಾತ್ರೆ. ಬರೀ ತೂಕಕ್ಕೆ ಎಂದಾದರೆ ದುಡ್ಡಿಗೆ ತಕ್ಕ ಫಲವಿಲ್ಲ. ಅಮೆರಿಕದಲ್ಲಿ 2025ರ ಡಿಸೆಂಬರ್‌ನಲ್ಲಿ ತೂಕಕ್ಕೆಂದೇ 25 ಮಿ.ಗ್ರಾಂ. ಮಾತ್ರೆಗೆ ಅನುಮತಿ ಸಿಕ್ಕಿದೆ. 64 ವಾರಗಳ ಪ್ರಯೋಗದಲ್ಲಿ ಸರಾಸರಿ 13.6% ತೂಕ ಇಳಿದಿತ್ತು. ಆ ಸುದ್ದಿ ಓದಿ 14ರ ಎರಡು ಮಾತ್ರೆ ಒಟ್ಟಿಗೆ ನುಂಗುವ ಸಾಹಸ ಮಾಡಬೇಡಿ. ಹೊಟ್ಟೆಯೊಳಗೆ ಎರಡು ಮಾತ್ರೆ ಒಂದಾಗಿ ಕರಗಿ ಎಷ್ಟು ಸೇರುತ್ತದೆ ಎಂಬುದಕ್ಕೆ ಲೆಕ್ಕ ಸಿಗುವುದಿಲ್ಲ.

ವೆಗೋವಿ, ಮೌಂಜಾರೊ

ವೆಗೋವಿ ಸೆಮಾಗ್ಲುಟೈಡ್ ಇಂಜೆಕ್ಷನ್, ಭಾರತಕ್ಕೆ ಬಂದದ್ದು 2025ರ ಜೂನ್‌ನಲ್ಲಿ. ಮೌಂಜಾರೊ ಟಿರ್ಜೆಪಟೈಡ್, ಇಲೈ ಲಿಲ್ಲಿ ಕಂಪನಿಯದು, 2025ರ ಮಾರ್ಚ್‌ನಲ್ಲಿ ಬಂತು. ಅದೇ ಟಿರ್ಜೆಪಟೈಡನ್ನು ಸಿಪ್ಲಾ ಕಂಪನಿ ಯುರ್ಪೀಕ್ ಹೆಸರಲ್ಲಿ ಮಾರುತ್ತದೆ. ಊಟವಾದ ಮೇಲೆ ಕರುಳು ತಾನಾಗಿ ಬಿಡುವ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನು ಇವು ವಾರವಿಡೀ ಮಾಡುತ್ತವೆ. ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಮಿದುಳಿನಲ್ಲಿ ಸದಾ ತಿಂಡಿಯ ಸುತ್ತಲೇ ಸುಳಿಯುವ ಯೋಚನೆ ತಗ್ಗುತ್ತದೆ. ಡಯಟ್ ಸೋತದ್ದೇ ಹಸಿವಿನಿಂದ ಎಂದ ಮೇಲೆ, ಹಸಿವಿನ ಬುಡಕ್ಕೇ ಕೈಹಾಕುವ ಔಷಧ ಗೆಲ್ಲುವುದು ಸಹಜ.

ಅಂಕಿಗಳು ಹೀಗಿವೆ. ಸೆಮಾಗ್ಲುಟೈಡ್ 2.4 ಮಿ.ಗ್ರಾಂ.ನ ಸ್ಟೆಪ್ 1 ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 14.9%. ಟಿರ್ಜೆಪಟೈಡ್‌ನ ಸರ್ಮೌಂಟ್ 1 ಪ್ರಯೋಗದಲ್ಲಿ 72 ವಾರಕ್ಕೆ 15 ಮಿ.ಗ್ರಾಂ. ಡೋಸ್‌ಗೆ 20.9%. 90 ಕೆ.ಜಿ. ಇದ್ದವರಿಗೆ ಮೊದಲನೆಯದರಲ್ಲಿ ಸುಮಾರು 13, ಎರಡನೆಯದರಲ್ಲಿ ಸುಮಾರು 19 ಕೆ.ಜಿ. ಎರಡನ್ನೂ ನೇರವಾಗಿ ಹೋಲಿಸಿದ ಸರ್ಮೌಂಟ್ 5ರಲ್ಲೂ ಟಿರ್ಜೆಪಟೈಡ್ ಮುಂದೆ: 20.2%ಕ್ಕೆ ಎದುರಾಗಿ 13.7%. ಇವೆಲ್ಲ ಸರಾಸರಿ. ಸ್ಟೆಪ್ 1ರಲ್ಲೇ ನೂರಕ್ಕೆ 14 ಜನರಿಗೆ 5% ಕೂಡ ಇಳಿದಿರಲಿಲ್ಲ. ಪಕ್ಕದ ಮನೆಯವರಿಗೆ ಹದಿನೈದು ಕೆ.ಜಿ. ಇಳಿದದ್ದು ನಿಮಗೂ ಇಳಿಯುತ್ತದೆ ಎಂಬ ಭರವಸೆ ಅಲ್ಲ.

ತೂಕದಲ್ಲಿ ಮೌಂಜಾರೊ ಗೆದ್ದರೂ, ಈಗಾಗಲೇ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿರುವವರಿಗೆ ನಾವು ಸೆಮಾಗ್ಲುಟೈಡ್ ಕಡೆ ವಾಲುತ್ತೇವೆ. ಹೃದ್ರೋಗವಿದ್ದು ಮಧುಮೇಹವಿಲ್ಲದ 17,604 ಜನರ ಸೆಲೆಕ್ಟ್ ಪ್ರಯೋಗದಲ್ಲಿ ಅದು ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯ ಸಂಬಂಧಿ ಸಾವುಗಳನ್ನು ಒಟ್ಟಾಗಿ 20% ತಗ್ಗಿಸಿದ್ದು 2023ರಲ್ಲೇ ಸಾಬೀತಾಗಿದೆ.

ಡೋಸ್ ಏರಿಸುವುದು ಮೆಟ್ಟಿಲು ಮೆಟ್ಟಿಲಾಗಿ. ವೆಗೋವಿ ನಾಲ್ಕು ನಾಲ್ಕು ವಾರಕ್ಕೆ 0.25, 0.5, 1, 1.7, ಆಮೇಲೆ 2.4 ಮಿ.ಗ್ರಾಂ. ಮೌಂಜಾರೊ ನಾಲ್ಕು ವಾರ 2.5, ನಂತರ 5. ಬೇಕಾದರೆ ನಾಲ್ಕು ವಾರಕ್ಕೆ ಕಡಿಮೆ ಇಲ್ಲದ ಅಂತರದಲ್ಲಿ 2.5ರಂತೆ ಏರುತ್ತ 15ರವರೆಗೆ. ಮೊದಲ ತಿಂಗಳ ಡೋಸ್ ಹೊಟ್ಟೆಗೆ ಅಭ್ಯಾಸವಾಗಲೆಂದು ಕೊಡುವುದು, ತೂಕ ಇಳಿಸಲೆಂದು ಅಲ್ಲ. ಏನೂ ಇಳಿಯಲಿಲ್ಲವೆಂದು ಎರಡನೇ ವಾರಕ್ಕೇ ಡೋಸ್ ಏರಿಸಿಕೊಂಡವರೇ ವಾಂತಿಯಿಂದ ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿಗೆ ಬರುವುದು. 5 ಮಿ.ಗ್ರಾಂ.ನಲ್ಲೇ ವಾರಕ್ಕೆ ಅರ್ಧ ಕೆ.ಜಿ. ಇಳಿಯುತ್ತಿದ್ದರೆ ಅಲ್ಲೇ ಇರಿ. ದೊಡ್ಡ ಡೋಸ್ ದೊಡ್ಡ ಮರ್ಯಾದೆಯೇನಲ್ಲ, ಬಿಲ್ ಮಾತ್ರ ದೊಡ್ಡದು.

ಪೆನ್ ಹಿಡಿಯುವುದು ಹೇಗೆ, ಎಲ್ಲಿ ಎಡವುತ್ತಾರೆ

ಪೆನ್ ಅಂದರೆ ಔಷಧ ತುಂಬಿರುವ, ಪೆನ್ನಿನ ಆಕಾರದ ಸಿರಿಂಜ್. ಒಂದು ಪೆನ್‌ನಲ್ಲಿ ನಾಲ್ಕು ಡೋಸ್, ಅಂದರೆ ಒಂದು ತಿಂಗಳು. ಫ್ರಿಜ್‌ನಿಂದ ತೆಗೆದು ಕಾಲು ಗಂಟೆಯೋ ಅರ್ಧ ಗಂಟೆಯೋ ಹೊರಗಿಟ್ಟರೆ ಉರಿ ಕಡಿಮೆ. ಪ್ರತಿ ಸಲ ಹೊಸ ಸೂಜಿ, 4 ಮಿ.ಮೀ. ಸೂಜಿ ಎಲ್ಲರಿಗೂ ಸಾಕು. ಮೌಂಜಾರೊ ಕ್ವಿಕ್‌ಪೆನ್ ಆದರೆ ಪ್ರತಿ ಡೋಸ್‌ಗೂ ಮುಂಚೆ ಪ್ರೈಮ್ ಮಾಡಬೇಕು: ಸೂಜಿ ಮೇಲ್ಮುಖವಾಗಿ ಹಿಡಿದು, ಸ್ವಲ್ಪ ಔಷಧ ಹೊರಚಿಮ್ಮುವುದನ್ನು ಕಣ್ಣಾರೆ ನೋಡಿ, ಆಮೇಲೆ ಗುಂಡಿಯನ್ನು ನಿಲ್ಲುವ ತನಕ ತಿರುಗಿಸಿ. ವೆಗೋವಿ ಪೆನ್‌ಗೆ ಈ ಪರೀಕ್ಷೆ ಹೊಸ ಪೆನ್‌ನ ಮೊದಲ ಡೋಸ್‌ಗೆ ಮಾತ್ರ. ಹೊಕ್ಕುಳಿಂದ ಎರಡು ಇಂಚು ಆಚೆ ಹೊಟ್ಟೆಯ ಮೇಲೆ ಅಥವಾ ತೊಡೆಯ ಮುಂಭಾಗದಲ್ಲಿ ನೇರವಾಗಿ ಚುಚ್ಚಿ ಗುಂಡಿ ಒತ್ತಿ. ಒತ್ತಿದ ಬೆರಳು ತೆಗೆಯದೆ ಮೌಂಜಾರೊಗೆ ನಿಧಾನವಾಗಿ ಐದು, ವೆಗೋವಿಗೆ ಸೊನ್ನೆ ಕಾಣಿಸಿದ ಮೇಲೆ ಆರು ಎಣಿಸಬೇಕು. ಬೇಗ ಸೂಜಿ ತೆಗೆದರೆ ಚರ್ಮದ ಮೇಲೆ ಒಂದು ಹನಿ ನಿಲ್ಲುತ್ತದೆ. ಆ ಹನಿ ಒಳಗೆ ಹೋಗಬೇಕಾಗಿದ್ದ ಔಷಧ. ಸೂಜಿ ಪೆನ್‌ಗೇ ಬಿಟ್ಟು ಫ್ರಿಜ್‌ನಲ್ಲಿಟ್ಟರೆ ಔಷಧ ಸೋರುತ್ತದೆ, ಗಾಳಿಗುಳ್ಳೆ ಸೇರುತ್ತದೆ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೋ ಲ್ಯಾಬಿಗೋ ಕೊಡಿ. ಕಸದ ಚೀಲದಲ್ಲಿ ಹಾಕಿದರೆ ಚುಚ್ಚುವುದು ಪೌರಕಾರ್ಮಿಕರ ಕೈಗೆ.

ಕ್ವಿಕ್‌ಪೆನ್‌ನಲ್ಲಿ ನಾಲ್ಕನೇ ಡೋಸ್ ಆದ ಮೇಲೂ ಸ್ವಲ್ಪ ಔಷಧ ಕಾಣಿಸುತ್ತದೆ. ಅದನ್ನು ಸಿರಿಂಜ್‌ನಿಂದ ಎಳೆದು ಐದನೇ ಡೋಸ್ ಮಾಡಿಕೊಳ್ಳುವ ವಿಡಿಯೊಗಳು ಓಡಾಡುತ್ತಿವೆ. ಬೇಡ. ಎಷ್ಟು ಉಳಿದಿದೆ ಎಂಬ ಅಳತೆಯೂ ಸಿಗದು, ಸೋಂಕಿನ ಅಪಾಯವೂ ಉಂಟು.

ವಯಲ್, ಅಂದರೆ ಸಿರಿಂಜ್‌ಗೆ ಎಳೆದುಕೊಳ್ಳುವ ಚಿಕ್ಕ ಸೀಸೆ, ಕೊಂಡವರು ಇನ್ನೂ ಎಚ್ಚರ ವಹಿಸಬೇಕು. ಮೌಂಜಾರೊ ವಯಲ್ ಒಂದೇ ಡೋಸ್‌ನದು, 0.5 ಮಿ.ಲೀ., ಪೂರ್ತಿ ಎಳೆದು ಚುಚ್ಚುವುದು, ಅಲ್ಲಿ ಗೊಂದಲ ಕಡಿಮೆ. ಆದರೆ ಹಲವು ಡೋಸ್‌ಗಳ ಸೆಮಾಗ್ಲುಟೈಡ್ ವಯಲ್‌ನಲ್ಲಿ ಎಡವುವುದು ಸುಲಭ. ನಮ್ಮ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಇವೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಮೊದಲನೆಯದರಲ್ಲಿ 1 ಮಿ.ಲೀ. ಅಂದರೆ 40 ಯೂನಿಟ್, ಎರಡನೆಯದರಲ್ಲಿ 100. ವಯಲ್ ಮೇಲೆ ಒಂದು ಮಿ.ಲೀ.ಗೆ 2 ಮಿ.ಗ್ರಾಂ. ಎಂದಿದ್ದರೆ 0.25 ಮಿ.ಗ್ರಾಂ. ಡೋಸ್ ಅಂದರೆ 0.125 ಮಿ.ಲೀ.; ಅದು ಯು-40ರಲ್ಲಿ 5 ಯೂನಿಟ್, ಯು-100ರಲ್ಲಿ 12.5 ಯೂನಿಟ್. ಯು-100ರ ಲೆಕ್ಕ ಕೇಳಿಕೊಂಡು ಯು-40ರಲ್ಲಿ 12.5 ಯೂನಿಟ್ ಎಳೆದರೆ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ, ಎರಡು ದಿನ ಹಾಸಿಗೆ ಬಿಟ್ಟು ಏಳಲಾಗದಷ್ಟು ವಾಂತಿ ಬರಬಹುದು. ಮಿ.ಗ್ರಾಂ., ಮಿ.ಲೀ., ಯೂನಿಟ್ ಮೂರನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ, ಯಾವ ಬಣ್ಣದ ಮುಚ್ಚಳ ಎಂಬುದನ್ನೂ.

ಇಡುವುದು 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ಗೆ ತಾಗದ ಕಡೆ. ಒಮ್ಮೆ ಗಡ್ಡೆ ಕಟ್ಟಿದರೆ ಕರಗಿಸಿ ಬಳಸುವಂತಿಲ್ಲ. ಬಳಸಲು ಶುರುಮಾಡಿದ ಪೆನ್ 30 ಡಿಗ್ರಿಯೊಳಗೆ ಇದ್ದರೆ ಮೌಂಜಾರೊ 30 ದಿನ, ವೆಗೋವಿ ಆರು ವಾರ ಹೊರಗೂ ತಡೆಯುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆ 40 ದಾಟುವಾಗ ಈ ರಿಯಾಯಿತಿ ಇಲ್ಲವೆಂದೇ ತಿಳಿಯಿರಿ. ಕೊಳ್ಳುವಾಗ ಕಪಾಟಿನಿಂದಲ್ಲ, ಫ್ರಿಜ್‌ನಿಂದ ತೆಗೆದುಕೊಡುವ ಅಂಗಡಿಯಲ್ಲೇ ಕೊಳ್ಳಿ, ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಎಚ್ಚರಿಸಿದೆ. ವಿಮಾನದಲ್ಲಿ ಹೋಗುವಾಗ ಪೆನ್ ಕೈಚೀಲದಲ್ಲಿರಲಿ.

ಡೋಸ್ ಮರೆತರೆ: ವೆಗೋವಿಗೆ ಐದು ದಿನದೊಳಗೆ, ಮೌಂಜಾರೊಗೆ ನಾಲ್ಕು ದಿನದೊಳಗೆ ನೆನಪಾದರೆ ಚುಚ್ಚಿಕೊಳ್ಳಿ, ದಾಟಿದ್ದರೆ ಬಿಟ್ಟು ಮುಂದಿನ ವಾರದ ದಿನಕ್ಕೆ ಕಾಯಿರಿ. ಎರಡು ಮೂರು ವಾರ ತಪ್ಪಿದ್ದರೆ ಹಳೆಯ ದೊಡ್ಡ ಡೋಸ್‌ಗೆ ಹಾರಬೇಡಿ, ಡಾಕ್ಟರನ್ನು ಕೇಳಿ ಕೆಳಗಿನ ಮೆಟ್ಟಿಲಿನಿಂದ ಹತ್ತಿ.

ಹೊಟ್ಟೆ ಏನನ್ನುತ್ತದೆ

ವಾಕರಿಕೆ, ಹುಳಿತೇಗು, ಮಲಬದ್ಧತೆ ಅಥವಾ ಭೇದಿ ಬಹಳ ಜನರಿಗೆ ಆಗುತ್ತದೆ, ಡೋಸ್ ಏರಿದ ವಾರ ಹೆಚ್ಚು. ಜಠರ ನಿಧಾನವಾಗಿರುವುದರಿಂದ ಮೊದಲಿನಂತೆ ಎರಡು ದಪ್ಪ ಮುದ್ದೆ ನುಂಗಿದರೆ ಅದು ಸಂಜೆವರೆಗೂ ಕಲ್ಲಿನಂತೆ ಕೂರುತ್ತದೆ. ಅರ್ಧ ಮುದ್ದೆ ಸಾಕು. ಮದುವೆ ಊಟದ ಎಲೆಯಲ್ಲಿ ಹೋಳಿಗೆ-ತುಪ್ಪ, ಬೋಂಡ, ಪಾಯಸ ಮೂರನ್ನೂ ಮುಗಿಸುವ ಹಟ ಬಿಡಬೇಕು. ನಿಧಾನವಾಗಿ ತಿನ್ನಿ, ಹೊಟ್ಟೆ ಸಾಕೆಂದ ಕೂಡಲೇ ಏಳಿ. ಬಡಿಸುವವರ ಒತ್ತಾಯಕ್ಕೆ ಇನ್ನೊಂದು ಸೌಟು ಹಾಕಿಸಿಕೊಂಡರೆ ವಾಂತಿ ಖಚಿತ. ನೀರು ದಿನಕ್ಕೆ ಎರಡು ಲೀಟರ್‌ಗೆ ಕಡಿಮೆ ಬೇಡ, ಮಲಬದ್ಧತೆಗೆ ಇಸಬಗೋಲು ಸಾಕಾಗುತ್ತದೆ.

ಜನ ಗಮನಿಸದ ನಷ್ಟ ಸ್ನಾಯುವಿನದು. ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಸ್ಟೆಪ್ 1ರ ಸ್ಕ್ಯಾನ್ ಲೆಕ್ಕದಲ್ಲಿ ಇಳಿದದ್ದರ ಸುಮಾರು 40% ಕೊಬ್ಬಲ್ಲದ ಭಾಗ. ಹಸಿವೇ ಇಲ್ಲವೆಂದು ಎರಡು ಇಡ್ಲಿ, ಒಂದು ಬಾಳೆಹಣ್ಣಿನಲ್ಲಿ ದಿನ ಕಳೆದರೆ ಕೂದಲು ಉದುರುತ್ತದೆ, ಮೆಟ್ಟಿಲು ಹತ್ತಲು ತೊಡೆ ನಡುಗುತ್ತದೆ. ಕಿಡ್ನಿ ಸರಿಯಿದ್ದವರು ದೇಹದ ಕೆ.ಜಿ.ಗೆ 1.2 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಬೇಕು, 75 ಕೆ.ಜಿ. ಇದ್ದವರಿಗೆ ದಿನಕ್ಕೆ 90 ಗ್ರಾಂ. ಮೊಟ್ಟೆಯೊಂದಕ್ಕೆ 6 ಗ್ರಾಂ, 100 ಗ್ರಾಂ ಪನೀರ್‌ಗೆ ಸುಮಾರು 18, ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 26, ಒಂದು ಕಪ್ ಗಟ್ಟಿ ಬೇಳೆಗೆ 8ರ ಆಸುಪಾಸು. ತಿಳಿಸಾರಿನಲ್ಲಿ ಪ್ರೋಟೀನ್ ಇಲ್ಲವೆಂದೇ ಲೆಕ್ಕ ಹಿಡಿಯಿರಿ. ಮೊದಲು ಮೊಟ್ಟೆ, ಕಾಳು, ಮೊಸರು ತಿಂದು, ಆಮೇಲೆ ಜಾಗವಿದ್ದರೆ ಅನ್ನ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮವೂ ಬೇಕು. ವಾಕಿಂಗ್ ಒಂದೇ ಸಾಲದು.

ಬೆನ್ನಿಗೆ ಹಬ್ಬುವ ಹೊಟ್ಟೆನೋವು ವಾಂತಿಯ ಜೊತೆ ಬಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಬಲಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾದರೆ ಪಿತ್ತಕೋಶದ ಕಲ್ಲು. ದಿನವಿಡೀ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಬಹಳ ಅಪರೂಪವಾದರೂ, ಕಣ್ಣಿನ ನರದ ತೊಂದರೆ. ಇವು ನಾಲ್ಕಕ್ಕೂ ಅಂದೇ ಆಸ್ಪತ್ರೆ.

ತಮಗೆ ಅಥವಾ ಮನೆತನದಲ್ಲಿ ಯಾರಿಗಾದರೂ ಮೆಡುಲರಿ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಹಾರ್ಮೋನ್ ಗ್ರಂಥಿಗಳಲ್ಲಿ ಗೆಡ್ಡೆ ಬೆಳೆಸುವ ಮೆನ್ 2 ಎಂಬ ವಂಶಪಾರಂಪರ್ಯ ಕಾಯಿಲೆ ಇದ್ದರೆ ಈ ಇಂಜೆಕ್ಷನ್‌ಗಳೂ ರೈಬೆಲ್ಸಸ್ಸೂ ಬೇಡ. ಸಾಮಾನ್ಯ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಡ್ಡಿ ಇಲ್ಲ. ಗರ್ಭ ಬಯಸುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು, ಟಿರ್ಜೆಪಟೈಡನ್ನು ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಮೌಂಜಾರೊ ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಿಸುವುದರಿಂದ ಶುರುವಿನಲ್ಲೂ ಡೋಸ್ ಏರಿಸಿದಾಗಲೂ ನಾಲ್ಕು ವಾರ ಕಾಂಡೋಮ್ ಕೂಡ ಬೇಕು. ಪಿಸಿಓಎಸ್ (ಮುಟ್ಟು ಏರುಪೇರಾಗಿಸುವ ಹಾರ್ಮೋನ್ ತೊಂದರೆ) ಇದ್ದ ಹೆಂಗಸರಲ್ಲಿ ತೂಕ ಇಳಿದಂತೆ ಮುಟ್ಟು ಸರಿಯಾಗಿ, ನಿರೀಕ್ಷಿಸದೆ ಗರ್ಭ ನಿಲ್ಲುವುದುಂಟು. ಇನ್ಸುಲಿನ್, ಗ್ಲಿಮೆಪಿರೈಡ್ ಜೊತೆಗಿದ್ದರೆ ಶುಗರ್ ಕುಸಿಯಬಹುದು, ಅವುಗಳ ಡೋಸ್ ತಗ್ಗಿಸಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಹೊಟ್ಟೆಯಲ್ಲಿ ಊಟ ಇನ್ನೂ ಉಳಿದಿರಬಹುದು.

ಉಪ್ಪಾಗೆ ಕ್ಯಾಪ್ಸೂಲ್ ಮತ್ತು ಬಳಗ

ಆನ್‌ಲೈನ್‌ನಲ್ಲಿ ಗಾರ್ಸೀನಿಯಾ ಹೆಸರಲ್ಲಿ ಮಾರುವುದು ನಮ್ಮ ಉತ್ತರ ಕನ್ನಡದ ಕಾಡಿನ ಉಪ್ಪಾಗೆಯ ಸಾರ. ಅಡುಗೆಗೆ ಹುಳಿಯಾಗಿ ಅದು ಸೊಗಸು. ಸಾಂದ್ರ ಕ್ಯಾಪ್ಸೂಲ್ ಆಗಿ ತೂಕಕ್ಕೆ ಹೇಳಿಕೊಳ್ಳುವಂಥ ಫಲವಿಲ್ಲ, ಲಿವರ್‌ಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಸರಿ ಇದ್ದವರು ತೂಕಕ್ಕೆಂದು ಥೈರಾಕ್ಸಿನ್ ನುಂಗಿದರೆ ಎದೆಬಡಿತ ಏರುಪೇರಾಗುತ್ತದೆ. ಹೃದಯಕ್ಕೆ ಅಪಾಯವೆಂದು 2011ರಲ್ಲಿ ಭಾರತ ನಿಷೇಧಿಸಿದ ತೂಕ ಇಳಿಸುವ ಔಷಧ ಸಿಬುಟ್ರಮಿನ್, ಗಿಡಮೂಲಿಕೆ ಎಂದು ಬರೆದ ಡಬ್ಬಿಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ವಾರಕ್ಕೆ ಐದು ಕೆ.ಜಿ. ಗ್ಯಾರಂಟಿ ಎನ್ನುವ ಪುಡಿಯನ್ನು ಮುಟ್ಟಬೇಡಿ.

ದುಡ್ಡು, ಮತ್ತು ನಿಲ್ಲಿಸುವ ದಿನ

ವೆಗೋವಿಯ ಆರಂಭದ ಡೋಸ್ ಬಂದಾಗ ತಿಂಗಳಿಗೆ ₹17,345 ಇತ್ತು, 2025ರ ನವೆಂಬರ್‌ನಲ್ಲಿ ₹10,850ಕ್ಕೆ ಇಳಿಯಿತು. ಮೌಂಜಾರೊ ಪೆನ್ ಬಿಡುಗಡೆಯಾದಾಗ 2.5ಕ್ಕೆ ₹14,000, 5ಕ್ಕೆ ₹17,500, ದೊಡ್ಡ ಡೋಸ್‌ಗಳಿಗೆ ₹27,500ರವರೆಗೆ. 2025ರ ಸೆಪ್ಟೆಂಬರ್‌ನಲ್ಲಿ ಔಷಧಗಳ ಜಿಎಸ್‌ಟಿ 5%ಕ್ಕೆ ಇಳಿದ ಮೇಲೆ ಸ್ವಲ್ಪ ತಗ್ಗಿತು. ದೊಡ್ಡ ಬದಲಾವಣೆ 2026ರ ಮಾರ್ಚ್‌ನದು: ಭಾರತದಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಮುಗಿದು ದೇಶಿ ಕಂಪನಿಗಳ ಜನರಿಕ್‌ಗಳು ಬಹಳ ಕಡಿಮೆ ಬೆಲೆಗೆ ಬಂದವು. ದುಡ್ಡಿನ ಕಾರಣಕ್ಕೆ ಹಿಂದೇಟು ಹಾಕುತ್ತಿದ್ದವರಿಗೆ ನಮ್ಮ ಮೊದಲ ಸಲಹೆ ಈಗ ಹೆಸರಾಂತ ಕಂಪನಿಯ ಜನರಿಕ್ ಸೆಮಾಗ್ಲುಟೈಡ್ ಪೆನ್. ಕಂಪನಿ ಬದಲಾದರೆ ಪೆನ್ ತಿರುಗಿಸುವ ರೀತಿಯೂ ಬದಲಾಗುತ್ತದೆ, ಆದ್ದರಿಂದ ಪ್ರತಿ ತಿಂಗಳು ಅಗ್ಗದ್ದನ್ನು ಹುಡುಕುತ್ತ ಬ್ರ್ಯಾಂಡ್ ಬದಲಿಸಬೇಡಿ. ಟಿರ್ಜೆಪಟೈಡ್‌ನ ಪೇಟೆಂಟ್ ಇನ್ನೂ ಇದೆ. ಅದರ ಅಗ್ಗದ ಪುಡಿ-ವಯಲ್ ಯಾರಾದರೂ ವಾಟ್ಸ್ಯಾಪ್‌ನಲ್ಲಿ ತೋರಿಸಿದರೆ ಅದು ಕಳ್ಳಮಾಲು.

ಔಷಧ ನಿಲ್ಲಿಸಿದರೆ ಹಸಿವು ಮರಳುತ್ತದೆ. ಸ್ಟೆಪ್ 1 ಮುಗಿದು ಔಷಧ ನಿಲ್ಲಿಸಿದವರಲ್ಲಿ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಹಿಂದೆ ಬಂದಿತ್ತು. ಆದ್ದರಿಂದ ಮೂರು ತಿಂಗಳಿಗೆ ಸಾಲ ಮಾಡಿ ದೊಡ್ಡ ಡೋಸ್ ಕೊಳ್ಳುವುದಕ್ಕಿಂತ, ಎರಡು ವರ್ಷ ತಡೆದುಕೊಳ್ಳಬಲ್ಲ ಚಿಕ್ಕ ಡೋಸ್ ಮೇಲು. ನಿಲ್ಲಿಸಲೇಬೇಕಾದರೆ, ಡಾಕ್ಟರ ಜೊತೆ ಕೂತು ಎರಡು ಮೂರು ತಿಂಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಬಿಪಿ, ಶುಗರ್ ಮಾತ್ರೆ ತಗ್ಗಿಸಿಕೊಂಡಿದ್ದವರು ಆ ತಿಂಗಳುಗಳಲ್ಲಿ ಅವನ್ನೂ ಮತ್ತೆ ಪರೀಕ್ಷಿಸಿಕೊಳ್ಳಬೇಕು. ವಾರಕ್ಕೊಂದು ದಿನ, ಬೆಳಿಗ್ಗೆ, ಅದೇ ತಕ್ಕಡಿಯ ಮೇಲೆ ನಿಂತು ತೂಕ ಬರೆದಿಡಿ. ಕಡಿಮೆ ಇದ್ದ ತೂಕಕ್ಕಿಂತ ಮೂರು ಕೆ.ಜಿ. ಏರಿತೆಂದರೆ ಹತ್ತು ಏರುವವರೆಗೆ ಕಾಯದೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ.